ಅಡುಗೆಮನೆಗೆ ಯಾವ ಯಂತ್ರ ಬೇಕು, ಯಾವುದು ಬೇಡ: ರಿಪೇರಿ ಮೇಜಿನಿಂದ ಒಂದು ಉತ್ತರ

ಪ್ರಶ್ನೆ: ಹೊಸದಾಗಿ ಸಂಸಾರ ಹೂಡಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು, ಅಡುಗೆಮನೆ ಚಿಕ್ಕದು. ಏರ್ ಫ್ರೈಯರ್, ಫುಡ್ ಪ್ರೊಸೆಸರ್, ಇಂಡಕ್ಷನ್ ಒಲೆ, ಏಳು ಕೆಲಸ ಮಾಡುತ್ತದೆ ಎನ್ನುವ ಎಲೆಕ್ಟ್ರಿಕ್ ಕುಕ್ಕರ್, ನೋಡಿದ್ದೆಲ್ಲ ಬೇಕು ಅನ್ನಿಸುತ್ತದೆ. ಇವುಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಯಾವುದು, ಕಪಾಟು ಸೇರುವುದು ಯಾವುದು? ಉಡುಗೊರೆಯಾಗಿ ಬಂದ ಜ್ಯೂಸರ್ ಒಂದು ಡಬ್ಬದಲ್ಲೇ ಕೂತಿದೆ, ಅದನ್ನೇನು ಮಾಡಲಿ? ಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ: ನಾನು ಅಡುಗೆಮನೆ ಯಂತ್ರಗಳನ್ನು ರಿಪೇರಿ ಮಾಡುವವನು. ಮಾರುವವರಿಗೆ ಕಾಣದ ಒಂದು ಸಂಗತಿ ನನ್ನ ಮೇಜಿನ ಮೇಲೆ ಕಾಣುತ್ತದೆ. ಇಲ್ಲಿಗೆ ಬರುವ ಯಂತ್ರಗಳಲ್ಲಿ ಎರಡು ಜಾತಿ. ಕೆಲವು ಸವೆದು ಬರುತ್ತವೆ: ಗ್ಯಾಸ್ಕೆಟ್ ಗಟ್ಟಿಯಾದ ಕುಕ್ಕರ್, ಕಪ್ಲರ್‌ನ (ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವ ಬಿಲ್ಲೆ) ಹಲ್ಲು ಉದುರಿದ ಮಿಕ್ಸಿ, ಗುಂಡಿಯ ಮೇಲಿನ ಅಂಕಿ ಅಳಿಸಿಹೋದ ಮೈಕ್ರೊವೇವ್. ಇನ್ನು ಕೆಲವು ಹೊಳೆಯುತ್ತಲೇ ಬರುತ್ತವೆ. ವರ್ಷಗಟ್ಟಲೆ ಮೂಲೆಯಲ್ಲಿದ್ದು, ಯಾವುದೋ ಸಮಾರಂಭಕ್ಕೆಂದು ಹೊರತೆಗೆದಾಗ ತಿರುಗದೆ ನಿಂತವು ಅವು. ಒಳಗೆ ಒಣಗಿದ ಗ್ರೀಸು, ಹೊರಗೆ ಇನ್ನೂ ಕೀಳದ ಪ್ಲಾಸ್ಟಿಕ್ ಹಾಳೆ. ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ: ಸವೆದು ಬರುವಂಥದ್ದನ್ನು ಕೊಳ್ಳಿ.

ಯಾವುದು ಸವೆಯುತ್ತದೆ, ಯಾವುದು ಹೊಳೆಯುತ್ತಲೇ ಉಳಿಯುತ್ತದೆ ಎಂಬುದನ್ನು ಯಂತ್ರದ ಶಕ್ತಿಗಿಂತ ಹೆಚ್ಚಾಗಿ ಸಿಂಕು ತೀರ್ಮಾನಿಸುತ್ತದೆ. ಎರಡು ಕ್ಯಾರೆಟ್ ತುರಿಯಲು ಬಟ್ಟಲು, ಮುಚ್ಚಳ, ಬಿಲ್ಲೆ, ದಂಡ, ತಳ್ಳುಗೋಲು ಎಂದು ಐದು ಭಾಗ ತೊಳೆಯಬೇಕಾದರೆ, ಮೂರನೆಯ ವಾರ ನಿಮ್ಮ ಕೈ ತಾನಾಗಿಯೇ ಹಳೆಯ ತುರಿಮಣೆಗೆ ಹೋಗುತ್ತದೆ. ಸೋಮಾರಿತನ ಎಂದು ಯಾರಾದರೂ ಅಂದರೆ ನಂಬಬೇಡಿ, ಅದು ಸರಿಯಾದ ಲೆಕ್ಕ. ಯಂತ್ರ ಉಳಿಸುವ ಹೊತ್ತಿನಿಂದ ಅದನ್ನು ಕಪಾಟಿನಿಂದ ಇಳಿಸುವ, ಜೋಡಿಸುವ, ತೊಳೆಯುವ, ಒರೆಸುವ ಹೊತ್ತನ್ನು ಕಳೆಯಿರಿ. ಉಳಿಯುವುದು ಸೊನ್ನೆಗಿಂತ ಹೆಚ್ಚಿದ್ದು, ಆ ಕೆಲಸ ವಾರಕ್ಕೆ ನಾಲ್ಕು ಸಲವಾದರೂ ಬರುವಂತಿದ್ದರೆ ಕೊಳ್ಳಿ. ಮನೆಯಲ್ಲಿ ತೊಳೆಯುವವರು ಒಬ್ಬರು, ಕೊಳ್ಳುವ ಉತ್ಸಾಹ ಇನ್ನೊಬ್ಬರದು ಆಗಿದ್ದರೆ ತೊಳೆಯುವವರ ಮಾತೇ ಕೊನೆಯ ಮಾತಾಗಲಿ.

ಈ ಲೆಕ್ಕದಲ್ಲಿ ಮೊದಲ ಸ್ಥಾನ ಪ್ರೆಶರ್ ಕುಕ್ಕರ್‌ಗೆ. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ತೋರಿಸಿದ ತತ್ವ ಇವತ್ತಿಗೂ ಬದಲಾಗಿಲ್ಲ. ಹೆಚ್ಚುವರಿ ಹಬೆಯನ್ನು ಬಿಡುವ ಸೇಫ್ಟಿ ವಾಲ್ವ್ ಕೂಡ ಅವನದೇ ಕೊಡುಗೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಎಷ್ಟು ಉರಿ ಕೊಟ್ಟರೂ ಅದು ಆವಿಯಾಗಿ ಹೋಗುತ್ತದೆ ಅಷ್ಟೇ. ಹಬೆಯನ್ನು ಬಂಧಿಸಿ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಎರಡರಷ್ಟಕ್ಕೆ ಏರಿಸಿದರೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಆ ಇಪ್ಪತ್ತು ಡಿಗ್ರಿಯಿಂದಾಗಿ ಬೇಳೆಕಾಳು ಬೇಯುವ ಹೊತ್ತು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ತೊಳೆಯಬೇಕಾದದ್ದು ಒಂದು ಪಾತ್ರೆ, ಒಂದು ಮುಚ್ಚಳ. ಕೆಟ್ಟರೆ ಗ್ಯಾಸ್ಕೆಟ್ ಮತ್ತು ವಾಲ್ವ್ ಮಾತ್ರ, ಎರಡನ್ನೂ ಮನೆಯಲ್ಲೇ ಬದಲಿಸಬಹುದು. ಹಬೆ ಪಕ್ಕದಿಂದ ಸೋರಲು ತೊಡಗಿದ ದಿನವೇ ಗ್ಯಾಸ್ಕೆಟ್ ಬದಲಿಸಿ. ಮುಚ್ಚಳದ ಮೇಲೆ ಭಾರ ಹೇರುವ, ಬಟ್ಟೆ ಸುತ್ತುವ ಸರ್ಕಸ್ಸುಗಳನ್ನು ನಾನು ನೋಡಿದ್ದೇನೆ, ದಯವಿಟ್ಟು ಬೇಡ.

ಇನ್ನು ಏಳು ಕೆಲಸದ ಎಲೆಕ್ಟ್ರಿಕ್ ಕುಕ್ಕರ್. ಒಳಗೆ ನೋಡಿದರೆ ಇರುವುದು ಒಂದು ಹೀಟರ್, ಒಂದು ಉಷ್ಣತಾ ಸೆನ್ಸರ್, ಒಂದು ಪ್ರೆಶರ್ ಸ್ವಿಚ್, ಒಂದು ಟೈಮರ್. ಮುಂಭಾಗದಲ್ಲಿರುವ ಹತ್ತಾರು ಗುಂಡಿಗಳು ಇವೇ ನಾಲ್ಕನ್ನು ಬೇರೆ ಬೇರೆ ಹೊತ್ತಿಗೆ ಓಡಿಸುತ್ತವೆ. ಹಾಗೆಂದು ಇದು ಮೋಸವಲ್ಲ. ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲದ ನಿಮ್ಮಂಥವರಿಗೆ ಬೆಳಗ್ಗೆ ತುಂಬಿಸಿಟ್ಟು ಟೈಮರ್ ಕೊಟ್ಟು ಹೋಗುವ ಅನುಕೂಲ ದೊಡ್ಡದೇ (ಹಾಲು, ಮಾಂಸದಂಥ ಬೇಗ ಕೆಡುವ ಪದಾರ್ಥಗಳನ್ನು ಮಾತ್ರ ಹಾಗೆ ಹೊರಗೆ ಬಿಟ್ಟು ಹೋಗಬಾರದು). ಇದರ ಒತ್ತಡ ಒಲೆಯ ಮೇಲಿನ ಕುಕ್ಕರ್‌ಗಿಂತ ಸಾಮಾನ್ಯವಾಗಿ ಕಡಿಮೆ, ಬಿಸಿಯೇರಲೂ ಹೊತ್ತು ಬೇಕು. ಹಾಗಾಗಿ ಉಳಿಯುವುದು ನಿಮ್ಮ ಗಮನ, ಗಡಿಯಾರದ ನಿಮಿಷಗಳಲ್ಲ. ಇದೇ ಜಾತಿಯ ಇನ್‌ಸ್ಟಂಟ್ ಪಾಟ್ ಮನೆಮನೆಯ ಹೆಸರಾಗಿತ್ತು. ಅದನ್ನು ಮಾರುತ್ತಿದ್ದ ಕಂಪನಿ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಸಾಲದ ಹೊರೆ, ಬೇಡಿಕೆಯ ಕುಸಿತ ಎರಡೂ ಸೇರಿದ್ದವು. ಒಮ್ಮೆ ಕೊಂಡವರು ಮತ್ತೆ ಕೊಳ್ಳಬೇಕಾಗದಂಥ ಸಾಮಾನು ಮಾರುವವರಿಗೆ ಕಷ್ಟ ತಪ್ಪಿದ್ದಲ್ಲ ಎಂದು ಆಗ ನನಗೆ ಅನ್ನಿಸಿತ್ತು. ನಿಮ್ಮಲ್ಲಿ ಈಗಾಗಲೇ ಒಲೆಯ ಕುಕ್ಕರ್ ಇದ್ದು ಅದರ ಪಕ್ಕ ನಿಲ್ಲಲು ಬೇಸರವಿಲ್ಲದಿದ್ದರೆ ಇದು ಬೇಡ. ಎರಡರಲ್ಲಿ ಒಂದು ಸಾಕು.

ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರ್ ಬಗ್ಗೆ ಒಂದೇ ಎಚ್ಚರಿಕೆ. ಒಣಗಿದ ರಾಜ್ಮಾ ಕಾಳನ್ನು ನೇರವಾಗಿ ಅದರಲ್ಲಿ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ನಾಶವಾಗಲು ಕೊತಕೊತ ಕುದಿಯಬೇಕು. ಸ್ಲೋ ಕುಕ್ಕರ್ ಅಷ್ಟು ಬಿಸಿಯಾಗದೆ ಇರಬಹುದು, ಆಗ ವಾಂತಿ ಭೇದಿ ಖಚಿತ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಜೋರಾಗಿ ಕುದಿಸಿ ಆಮೇಲೆ ಹಾಕಿ.

ರೈಸ್ ಕುಕ್ಕರ್ ವಾರಕ್ಕೆ ನಾಲ್ಕೈದು ದಿನ ಅನ್ನ ಮಾಡುವ ಮನೆಗೆ ಒಳ್ಳೆಯದು, ಉಳಿದವರಿಗೆ ಬೇಡ. ಇದರ ಒಳಗಿನ ಜಾಣತನ ನನಗೆ ಅಚ್ಚುಮೆಚ್ಚು. ಜಪಾನಿನ ತೋಷಿಬಾ 1955ರಲ್ಲಿ ತಾನಾಗಿ ನಿಲ್ಲುವ ಎಲೆಕ್ಟ್ರಿಕ್ ರೈಸ್ ಕುಕ್ಕರನ್ನು ಮಾರುಕಟ್ಟೆಗೆ ತಂದಿತು. ಇವತ್ತಿನ ಸಾದಾ ಮಾದರಿಗಳ ತಳದಲ್ಲಿ ಒಂದು ಅಯಸ್ಕಾಂತದ ಸ್ವಿಚ್ ಇರುತ್ತದೆ. ನೀರು ಇರುವತನಕ ಪಾತ್ರೆಯ ತಳ 100 ಡಿಗ್ರಿ ಮೀರುವುದಿಲ್ಲ. ಅಕ್ಕಿ ನೀರನ್ನೆಲ್ಲ ಹೀರಿದೊಡನೆ ಉಷ್ಣತೆ ಏರುತ್ತದೆ, ಅದಕ್ಕೆಂದೇ ಬೆರೆಸಿದ ಲೋಹ ತನ್ನ ಕಾಂತತ್ವ ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ಟಕ್ಕೆಂದು ಬಿಡುತ್ತದೆ. ಎಲೆಕ್ಟ್ರಾನಿಕ್ ಚಿಪ್ ಇಲ್ಲ, ಪರದೆಯಿಲ್ಲ. ಇಂಥವು ರಿಪೇರಿಗೆ ಬರುವುದೇ ಅಪರೂಪ. ಪರದೆ ಇರುವ ದುಬಾರಿ ಮಾದರಿಗಳು ಬರುತ್ತಲೇ ಇರುತ್ತವೆ.

ಮಿಕ್ಸಿ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಜನ ನೋಡುವುದು ವ್ಯಾಟ್ ಒಂದನ್ನೇ. ವ್ಯಾಟ್ ಎಂದರೆ ಮೋಟಾರು ಎಳೆಯುವ ವಿದ್ಯುತ್ತು, ಬ್ಲೇಡಿಗೆ ತಲಪುವ ಬಲವಲ್ಲ. ಕಳಪೆ ಮೋಟಾರು ಎಳೆದದ್ದರಲ್ಲಿ ಬಹಳಷ್ಟನ್ನು ಬಿಸಿ ಮತ್ತು ಸದ್ದು ಮಾಡಿಬಿಡುತ್ತದೆ. ಜಾರಿನ ಆಕಾರ, ಬ್ಲೇಡಿನ ಕೋನ, ಜಾರು ಕಟ್ಟೆಯ ಮೇಲೆ ಅಲ್ಲಾಡದೆ ಕೂರುತ್ತದೆಯೇ ಎಂಬುದು ನುಣ್ಣಗಾಗುವುದನ್ನು ತೀರ್ಮಾನಿಸುತ್ತವೆ. ಜಾರು ದೊಡ್ಡದಿದ್ದು ಹಾಕಿದ್ದು ಕಡಿಮೆಯಾದರೆ ಎಷ್ಟು ವ್ಯಾಟ್ ಇದ್ದರೂ ಎಲ್ಲ ಗೋಡೆಗೆ ಅಂಟಿ ಕೂರುತ್ತದೆ. ಇಬ್ಬರ ಮನೆಗೆ ಚಿಕ್ಕ ಜಾರು ಚೆನ್ನಾಗಿರುವ ಮಾದರಿ ನೋಡಿ, ದೊಡ್ಡ ಜಾರನ್ನು ಮರೆತುಬಿಡಿ. ಕಪ್ಲರ್ ಮುರಿದರೆ ಬೈದುಕೊಳ್ಳಬೇಡಿ. ಬ್ಲೇಡು ಸಿಕ್ಕಿಕೊಂಡಾಗ ಮೋಟಾರು ಸುಟ್ಟುಹೋಗುವ ಬದಲು ತಾನು ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ದಾಟಿಸುವ ಕಾರ್ಬನ್ ಬ್ರಷ್ ಸವೆದರೂ ಹೊಸದು ಹಾಕಬಹುದು. ಜಾರಿನ ಕೆಳಗೆ ಕಪ್ಪು ದ್ರವ ಜಿನುಗಿದರೆ ಬ್ಲೇಡಿನ ದಂಡ ಕೂರುವ ಬುಷ್ ಮತ್ತು ಸೋರಿಕೆ ತಡೆಯುವ ಸೀಲು ಹೋಗಿದೆ ಎಂದರ್ಥ, ಅವತ್ತೇ ಬಳಕೆ ನಿಲ್ಲಿಸಿ. ಮಿಕ್ಸಿ ಇದ್ದಕ್ಕಿದ್ದಂತೆ ಸತ್ತರೆ ರಿಪೇರಿಗೆ ಒಯ್ಯುವ ಮೊದಲು ತಲೆಕೆಳಗು ಮಾಡಿ ನೋಡಿ. ಅನೇಕ ಮಾದರಿಗಳ ಅಡಿಯಲ್ಲಿ, ಹೊರೆ ಹೆಚ್ಚಾದಾಗ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ಗುಂಡಿ ಇರುತ್ತದೆ, ಆರಿದ ಮೇಲೆ ಅದನ್ನು ಒತ್ತಿದರೆ ಜೀವ ಬರುತ್ತದೆ. ಹೀಗೆ ಹೇಳಿ ನನ್ನ ಕಸುಬಿಗೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.

ಬಿಸಿ ಸೂಪನ್ನು ಮುಚ್ಚಿದ ಜಾರಿಗೆ ಹಾಕಿ ತಿರುಗಿಸಬೇಡಿ. ಹಬೆ ಮುಚ್ಚಳವನ್ನು ಎತ್ತಿ ಮುಖಕ್ಕೆ ಎರಚುತ್ತದೆ. ಆ ಕೆಲಸಕ್ಕೆ ಹ್ಯಾಂಡ್ ಬ್ಲೆಂಡರ್ ಇದೆ. ಅಗ್ಗ, ಡ್ರಾಯರಿನಲ್ಲಿ ಕೂರುತ್ತದೆ, ನಲ್ಲಿಯ ಕೆಳಗೆ ಹಿಡಿದರೆ ತೊಳೆದಾಯಿತು. ಕಳಚಬಹುದಾದ ಸ್ಟೀಲಿನ ಕೋಲು ಇರುವಂಥದ್ದನ್ನೇ ಆರಿಸಿ. ಪ್ಲಾಸ್ಟಿಕ್ ಕೋಲು ಬಿಸಿಗೆ ಬಿರುಕು ಬಿಡುತ್ತದೆ.

ಫುಡ್ ಪ್ರೊಸೆಸರ್ ಹತ್ತು ಜನರ ಅಡುಗೆಗೆ ಅದ್ಭುತ, ಇಬ್ಬರ ಅಡುಗೆಗೆ ಹೊರೆ. ಎರಡು ಈರುಳ್ಳಿಯನ್ನು ಅದು ಹೆಚ್ಚುವುದಿಲ್ಲ, ಜಜ್ಜುತ್ತದೆ. ಒಂದಷ್ಟು ಪುಡಿ, ಒಂದಷ್ಟು ತುಂಡು, ಉಳಿದದ್ದು ನೀರು. ಹಿಟ್ಟು ನಾದುವುದು ನಿತ್ಯದ ಕೆಲಸವಾಗಿದ್ದರೆ ಮಾತ್ರ ಯೋಚಿಸಿ. ದಾರ ಎಳೆದು ತಿರುಗಿಸುವ ಪುಟ್ಟ ಚಾಪರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಬೆಳ್ಳುಳ್ಳಿ, ಹಸಿಮೆಣಸು, ಕಡಲೆಬೀಜಕ್ಕೆ ಅದು ಸಾಕು. ದಾರ ತುಂಡಾಗುವ ತನಕ ಬಳಸಿ, ಆಮೇಲೆ ಆಸೆ ಬಿಡಿ.

ಏರ್ ಫ್ರೈಯರ್ ಎಂಬ ಹೆಸರೇ ಎಲ್ಲ ಗೊಂದಲಕ್ಕೆ ಕಾರಣ. 2010ರಲ್ಲಿ ಫಿಲಿಪ್ಸ್ ಕಂಪನಿ ಈ ಹೆಸರಿನಲ್ಲಿ ಮಾರಲು ತೊಡಗಿದ ಮೇಲೆ ಎಣ್ಣೆಯಿಲ್ಲದೆ ಕರಿಯುವ ಯಂತ್ರ ಎಂಬ ಭಾವನೆ ಬೇರೂರಿತು. ಬಿಚ್ಚಿ ನೋಡಿದವರಿಗೆ ಗೊತ್ತು, ಅದು ಫ್ಯಾನ್ ಇರುವ ಪುಟ್ಟ ಓವನ್. ಮೇಲೆ ಕಾಯಿಲ್, ಅದರ ಮೇಲೆ ಫ್ಯಾನ್, ಕೆಳಗೆ ತೂತಿನ ಬುಟ್ಟಿ. ಚಿಕ್ಕ ಜಾಗದಲ್ಲಿ ಬಿಸಿಗಾಳಿ ಜೋರಾಗಿ ಸುತ್ತಿ ಮೇಲ್ಮೈಯ ತೇವವನ್ನು ಬೇಗ ಒಯ್ಯುತ್ತದೆ. ತೇವ ಹೋದ ಮೇಲಷ್ಟೇ ಮೇಲ್ಮೈ 140 ಡಿಗ್ರಿ ದಾಟಿ ಕಂದು ಬಣ್ಣಕ್ಕೆ ತಿರುಗುತ್ತದೆ, ಗರಿಗರಿಯಾಗುತ್ತದೆ. ಆದ್ದರಿಂದ ಮೆತ್ತಗಾದ ತಿಂಡಿಯನ್ನು ಮತ್ತೆ ಗರಿಯಾಗಿಸಲು, ಆಲೂಗಡ್ಡೆ, ಹೂಕೋಸು, ಕೋಳಿ ತುಂಡು ಹುರಿಯಲು ಇದು ಸೊಗಸಾಗಿದೆ. ತೆಳ್ಳನೆಯ ಹಿಟ್ಟಿನಲ್ಲಿ ಅದ್ದಿದ್ದನ್ನು ಹಾಕಿದರೆ ಹಿಟ್ಟು ಬುಟ್ಟಿಯ ತೂತಿನಿಂದ ಇಳಿದು ಹೋಗುತ್ತದೆ, ಏಕೆಂದರೆ ಅದನ್ನು ಹಿಡಿದು ನಿಲ್ಲಿಸುವ ಕಾದ ಎಣ್ಣೆ ಅಲ್ಲಿಲ್ಲ. ಬುಟ್ಟಿಯನ್ನು ತುಂಬಿದರೂ ಕೆಟ್ಟಿತು, ಗಾಳಿ ಓಡಾಡಲು ಜಾಗವಿಲ್ಲದೆ ಎಲ್ಲ ಬೆವರಿ ಕೂರುತ್ತದೆ. ಮನೆಯಲ್ಲಿ ಫ್ಯಾನ್ ಇರುವ ಓವನ್ ಇದ್ದರೆ ಏರ್ ಫ್ರೈಯರ್ ಬೇಡ. ಇಲ್ಲದಿದ್ದರೆ, ಇಬ್ಬರೇ ಇರುವ ನಿಮಗೆ, ನೀವು ಹೇಳಿದ ನಾಲ್ಕರಲ್ಲಿ ನಾನು ಒಪ್ಪುವುದು ಇದನ್ನು ಮತ್ತು ಇಂಡಕ್ಷನ್ ಒಲೆಯನ್ನು. ಕಟ್ಟೆಯ ಮೇಲೆ ಖಾಯಂ ಜಾಗ ಕೊಡಲು ಆದರೆ ಮಾತ್ರ. ಸುತ್ತ ಒಂದು ಗೇಣು ಜಾಗ ಬಿಡಿ, ಹಿಂದಿನಿಂದ ಬಿಸಿಗಾಳಿ ಹೊರಬೀಳುತ್ತದೆ.

ಮೈಕ್ರೊವೇವ್ ಬಗ್ಗೆ ಜನರಿಗೆ ವಿನಾಕಾರಣ ಭಯ. ರೇಡಾರ್‌ಗೆ ಬಳಸುವ, ಮೈಕ್ರೊವೇವ್ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಸಾಧನದ ಬಳಿ ನಿಂತಿದ್ದ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರ ಜೇಬಿನ ಮಿಠಾಯಿ ಕರಗಿದ್ದು 1945ರಲ್ಲಿ. 1947ರಲ್ಲಿ ಬಂದ ಮೊದಲ ಯಂತ್ರ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ. ಈಗಿನದೂ ಅದೇ ಕೆಲಸ ಮಾಡುತ್ತದೆ: 2.45 ಗಿಗಾಹರ್ಟ್ಸ್ ಅಲೆ ಆಹಾರದಲ್ಲಿನ ನೀರಿನ ಅಣುಗಳನ್ನು ಅಲುಗಿಸಿ ಬಿಸಿ ಮಾಡುತ್ತದೆ. ಒಳಗಿನಿಂದ ಬೇಯುತ್ತದೆ ಎನ್ನುವುದು ಸುಳ್ಳು. ಅಲೆ ಹೊರಗಿನಿಂದ ಕೆಲವೇ ಸೆಂಟಿಮೀಟರ್ ಒಳಹೋಗುತ್ತದೆ, ಮಧ್ಯಭಾಗಕ್ಕೆ ಶಾಖ ಹರಿದುಕೊಂಡೇ ಹೋಗಬೇಕು. ಅದಕ್ಕೇ ಅರ್ಧದಲ್ಲಿ ನಿಲ್ಲಿಸಿ ಕಲಸಬೇಕು. ಫ್ರಿಜ್ಜಿನಲ್ಲಿಟ್ಟ ಊಟವನ್ನು ಬಿಸಿ ಮಾಡುವುದು ನಿಮ್ಮ ಮನೆಯ ದಿನಚರಿಯಾಗಿದ್ದರೆ ಕೊಳ್ಳಿ, ಆದರೆ ಸಾದಾ ಮಾದರಿ ಸಾಕು. ಗ್ರಿಲ್, ಕನ್ವೆಕ್ಷನ್ (ಫ್ಯಾನಿನ ಬಿಸಿಗಾಳಿ) ಎಲ್ಲ ಸೇರಿದ್ದನ್ನು ಕೊಂಡವರಲ್ಲಿ ಹೆಚ್ಚಿನವರು ಒತ್ತುವುದು ಮೂವತ್ತು ಸೆಕೆಂಡಿನ ಗುಂಡಿಯನ್ನೇ.

ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದು ಪಾತ್ರೆ. ಒಲೆಯ ಮೇಲಿನ ಗಾಜಿನ ಹಲಗೆ ಪಾತ್ರೆಯಿಂದ ಬಿಸಿ ಪಡೆಯುತ್ತದೆಯೇ ಹೊರತು ತಾನಾಗಿ ಕಾಯುವುದಿಲ್ಲ. ಎಳೆದ ವಿದ್ಯುತ್ತಿನ ಸುಮಾರು ಶೇ 85 ಭಾಗ ಅಡುಗೆಗೇ ತಲಪುತ್ತದೆ. ಗ್ಯಾಸ್ ಉರಿಯ ಶಾಖದಲ್ಲಿ ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಒಲೆಯ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಳ್ಳುವ ಮೊದಲು ಒಂದು ಅಯಸ್ಕಾಂತ ಹಿಡಿದು ನಿಮ್ಮ ಪಾತ್ರೆಗಳ ತಳ ಮುಟ್ಟಿಸಿ ನೋಡಿ. ಗಟ್ಟಿಯಾಗಿ ಅಂಟಿದರೆ ಸರಿ. ಬರೀ ಅಲ್ಯೂಮಿನಿಯಂ, ತಾಮ್ರ, ಮಣ್ಣಿನ ಪಾತ್ರೆ ನಡೆಯುವುದಿಲ್ಲ. ಹಾಗಾಗಿ ಒಲೆಯ ಬೆಲೆಗೆ ಹೊಸ ಪಾತ್ರೆಗಳ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಅಗ್ಗದ ಮಾದರಿಗಳಲ್ಲಿ ಸಣ್ಣ ಉರಿ ಎಂಬುದೇ ಇರುವುದಿಲ್ಲ. ಕೆಲ ಸೆಕೆಂಡು ಪೂರ್ತಿ ಉರಿ, ಕೆಲ ಸೆಕೆಂಡು ಬಂದ್, ಹಾಲು ಕಾಯಿಸುವವರಿಗೆ ಇದು ತಲೆನೋವು. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ವೈದ್ಯರನ್ನು ಕೇಳಿಯೇ ತನ್ನಿ.

ಯಂತ್ರಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಬಾಣಲೆಗೆ ಉಳಿಸಿ. ಸ್ಟೇನ್‌ಲೆಸ್ ಸ್ಟೀಲಿಗಿಂತ ಅಲ್ಯೂಮಿನಿಯಂ ಸುಮಾರು ಹದಿನೈದು ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ. ತೆಳ್ಳನೆಯ ಸ್ಟೀಲು ಪಾತ್ರೆಯಲ್ಲಿ ಉರಿ ತಗಲಿದ ಕಡೆ ಮಾತ್ರ ಸೀಯುವುದು ಇದಕ್ಕೇ. ನಡುವೆ ಅಲ್ಯೂಮಿನಿಯಂ ಪದರವಿರುವ ದಪ್ಪ ತಳದ್ದು ಒಂದಿದ್ದರೆ ದಶಕಗಳ ಕಾಲ ಬಾಳುತ್ತದೆ. ನಾನ್‌ಸ್ಟಿಕ್ ಮಾತ್ರ ಅಗ್ಗದ್ದನ್ನೇ ಕೊಳ್ಳಿ. ಎಷ್ಟೇ ಕೊಟ್ಟರೂ ಆ ಲೇಪ ಕೆಲವೇ ವರ್ಷಗಳದ್ದು. ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಬಿಟ್ಟರೆ ಉಷ್ಣತೆ 260 ಡಿಗ್ರಿ ದಾಟಿ ಲೇಪ ಕೆಡಲು ತೊಡಗುತ್ತದೆ, ಅದರ ಹೊಗೆ ಪಂಜರದ ಹಕ್ಕಿಗಳಿಗೆ ಪ್ರಾಣಾಂತಿಕ.

ಈಗ ಯಾರೂ ಜಾಹೀರಾತು ಕೊಡದ ಸಾಮಾನುಗಳು. 20 ಸೆಂಟಿಮೀಟರ್ ಉದ್ದದ ಒಂದು ಒಳ್ಳೆಯ ಚಾಕು, ಒಂದು ಪುಟ್ಟ ಚಾಕು, ಒಂದು ಸಾಣೆಕಲ್ಲು. ಹದಿನಾಲ್ಕು ಚಾಕುಗಳ ಸೆಟ್ಟಿನಲ್ಲಿ ನೀವು ಮುಟ್ಟುವುದು ಇವೆರಡನ್ನೇ. ಹೆಚ್ಚುವ ಹಲಗೆ ಮರದ್ದೋ ಪ್ಲಾಸ್ಟಿಕ್ಕಿನದೋ ಇರಲಿ, ಗಾಜು ಮತ್ತು ಕಲ್ಲಿನದು ಚಾಕುವಿನ ಹರಿತವನ್ನು ವಾರದಲ್ಲಿ ಮುಗಿಸುತ್ತದೆ. ಹರಿತವಾದ ಚಾಕು ಬಂದ ಮೇಲೆ ಟೊಮೆಟೊ ಕತ್ತರಿಸುವ ಯಂತ್ರ, ಮೊಟ್ಟೆ ಹೋಳು ಮಾಡುವ ತಂತಿ, ಬಾಳೆಹಣ್ಣಿನ ಸ್ಲೈಸರ್, ಸೇಬಿನ ಚಕ್ರ ಎಲ್ಲ ಆಟಿಕೆಗಳಾಗಿ ಕಾಣುತ್ತವೆ. ಮ್ಯಾಂಡೊಲಿನ್ ಎಂಬ ತೆಳುಹೋಳಿನ ಮಣೆ ಆಟಿಕೆಯಲ್ಲ, ಆದರೆ ಕೈಗವಸಿಲ್ಲದೆ ಮುಟ್ಟಿದರೆ ಬೆರಳಿನ ತುದಿಯನ್ನೇ ಕೇಳುತ್ತದೆ.

ಡಿಜಿಟಲ್ ತಕ್ಕಡಿ ಇನ್ನೊಂದು. 240 ಮಿಲಿಲೀಟರಿನ ಅಳತೆ ಬಟ್ಟಲಲ್ಲಿ ಹಿಟ್ಟನ್ನು ಹಗುರಾಗಿ ತುಂಬಿದರೆ 120 ಗ್ರಾಂ, ಅದುಮಿ ತುಂಬಿದರೆ 150 ಗ್ರಾಂ. ಕೇಕು ಒಂದು ದಿನ ಹತ್ತಿ, ಒಂದು ದಿನ ಇಟ್ಟಿಗೆ ಆಗುವುದಕ್ಕೆ ಇಷ್ಟೇ ಕಾರಣ. ತಕ್ಕಡಿಯ ಮೇಲೆ ಪಾತ್ರೆಯಿಟ್ಟು ಸೊನ್ನೆ ಮಾಡಿ ಒಂದರ ಮೇಲೊಂದು ಸುರಿದರೆ ಅಳತೆ ಬಟ್ಟಲು ತೊಳೆಯುವುದೂ ತಪ್ಪುತ್ತದೆ. ಮಾಂಸ ಬೇಯಿಸುವ ಮನೆಯಾದರೆ ಚುಚ್ಚಿ ನೋಡುವ ಥರ್ಮಾಮೀಟರ್ ಕೊಳ್ಳಿ. ಕೋಳಿಮಾಂಸದ ದಪ್ಪ ಭಾಗದ ನಡುವೆ 74 ಡಿಗ್ರಿ ತೋರಿಸಿದರೆ ನಿಶ್ಚಿಂತೆ, ಬಣ್ಣ ನೋಡಿ ಊಹಿಸಬೇಕಿಲ್ಲ. ಮಂಜುಗಡ್ಡೆ ತೇಲುವ ನೀರಿನಲ್ಲಿ ಅದ್ದಿದಾಗ ಸೊನ್ನೆ ತೋರಿಸುತ್ತದೆಯೇ ಎಂದು ಆಗಾಗ ಪರೀಕ್ಷಿಸಿ.

ನಿಮ್ಮ ಜ್ಯೂಸರ್ ಡಬ್ಬ ಒಡೆದಿಲ್ಲ ಎಂದಿದ್ದೀರಿ. ಹಾಗೇ ಯಾರಿಗಾದರೂ ಕೊಟ್ಟುಬಿಡಿ ಅಥವಾ ವಾರಂಟಿ ಇರುವಾಗಲೇ ಮಾರಿಬಿಡಿ, ಕೊಟ್ಟವರಿಗೆ ತಿಳಿಯದಂತೆ. ಒಂದು ಲೋಟ ರಸಕ್ಕೆ ಜರಡಿಯ ಸಣ್ಣ ತೂತುಗಳನ್ನು ಬ್ರಷ್ ಹಿಡಿದು ಉಜ್ಜಬೇಕು, ಹಣ್ಣಿನ ನಾರೆಲ್ಲ ಕಸದ ಬುಟ್ಟಿಗೆ. ಹಣ್ಣನ್ನು ತಿಂದರೆ ನಾರು ಹೊಟ್ಟೆಗೆ ಹೋಗುತ್ತದೆ, ತೊಳೆಯುವುದೂ ಇಲ್ಲ. ನಿಧಾನವಾಗಿ ಹಿಂಡುವ ಕೋಲ್ಡ್ ಪ್ರೆಸ್ ಜ್ಯೂಸರ್‌ನಲ್ಲಿ ರಸ ಹೆಚ್ಚು ಬರುತ್ತದೆ ನಿಜ, ತೊಳೆಯುವ ಭಾಗಗಳೂ ಕಡಿಮೆಯೇನಲ್ಲ. ಈ ವಿಷಯದಲ್ಲಿ ಜಗತ್ತೇ ನಕ್ಕ ಒಂದು ಪ್ರಸಂಗವಿದೆ. ಜ್ಯೂಸೆರೊ ಎಂಬ ಅಮೆರಿಕದ ಕಂಪನಿ ಹೆಚ್ಚಿದ ಹಣ್ಣು ತರಕಾರಿಯ ಪೊಟ್ಟಣಗಳನ್ನು ಹಿಂಡುವ, ವೈಫೈ ಇರುವ ದುಬಾರಿ ಯಂತ್ರ ಮಾರುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಪತ್ರಕರ್ತರು ಅದೇ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ಹೆಚ್ಚುಕಡಿಮೆ ಅಷ್ಟೇ ರಸ ತೆಗೆದು ತೋರಿಸಿದರು. ಸೆಪ್ಟೆಂಬರ್ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು.

ವೈಫೈ ಎಂದಾಗ ನೆನಪಾಯಿತು, ಫೋನಿನ ಆ್ಯಪ್ ಇಲ್ಲದೆ ಓಡದ ಯಾವ ಯಂತ್ರವನ್ನೂ ಅಡುಗೆಮನೆಗೆ ತರಬೇಡಿ. ಕಂಪನಿ ಸರ್ವರ್ ನಿಲ್ಲಿಸಿದ ದಿನ ಮೋಟಾರು, ಹೀಟರ್ ಎಲ್ಲ ಸರಿಯಿದ್ದರೂ ಅದು ಬರೀ ಡಬ್ಬ. ಅಂಥದ್ದಕ್ಕೆ ನನ್ನ ಸ್ಕ್ರೂಡ್ರೈವರಿನಿಂದ ಏನೂ ಆಗುವುದಿಲ್ಲ.

ಅಂಗಡಿಯಲ್ಲಿ ನಿಂತಾಗ ಮಾರುವವರಿಗೆ ಕೇಳಬೇಕಾದದ್ದು ವ್ಯಾಟ್ ಅಲ್ಲ, ಗ್ಯಾಸ್ಕೆಟ್, ಕಪ್ಲರ್, ಜಾರು, ಬುಟ್ಟಿ ಬಿಡಿಯಾಗಿ ಸಿಗುತ್ತವೆಯೇ ಎಂದು. ಉತ್ತರ ತಡವರಿಸಿದರೆ ಆ ಮಾದರಿ ಬಿಡಿ. ಹೊಸ ಮಾದರಿಗಿಂತ ಕೆಲ ವರ್ಷಗಳಿಂದ ಬದಲಾಗದೆ ಮಾರಾಟವಾಗುತ್ತಿರುವ ಮಾದರಿಯೇ ಮೇಲು, ಅದರ ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ತಿರುಗಿಸಿ ಅಡಿಭಾಗ ನೋಡಿ. ಸಾಮಾನ್ಯ ಸ್ಕ್ರೂ ಇದ್ದರೆ ಒಳ್ಳೆಯದು, ಅಂಟು ಹಾಕಿ ಮುಚ್ಚಿದ್ದರೆ ಕೆಟ್ಟ ದಿನವೇ ಎಸೆಯಬೇಕು ಎಂದರ್ಥ. ಮುಚ್ಚಳವನ್ನು ನೀವೇ ಹಾಕಿ ತೆಗೆಯಿರಿ, ನಿಮ್ಮ ಬೆರಳು ಹೋಗದ ಸಂದಿಗೆ ಸ್ಪಂಜೂ ಹೋಗುವುದಿಲ್ಲ. ಎಲ್ಲವನ್ನೂ ಒಂದೇ ತಿಂಗಳಲ್ಲಿ ತರಬೇಡಿ. ಕುಕ್ಕರ್, ಮಿಕ್ಸಿ, ಚಾಕು, ತಕ್ಕಡಿಯಿಂದ ಶುರುಮಾಡಿ ಎರಡು ಮೂರು ತಿಂಗಳು ಅಡುಗೆ ಮಾಡಿ. ಆಮೇಲೂ ಯಾವ ಕೆಲಸ ದಿನದಿನವೂ ಬೇಸರ ತರಿಸುತ್ತಿದೆಯೋ ಅದಕ್ಕೊಂದು ಯಂತ್ರ ತನ್ನಿ.